ಖಾಲಿ ಅಂತ ಬರೆದ ಲಾರಿ

ಇಲ್ಲ ಮೇಡಂ, ಇಲ್ಲ ಇಲ್ಲ... ಎರಡು ಗಂಟೆ ತನಕ ಕಾಯೋಕೆ ಆಗಲ್ಲ. ಟೋಕನ್ ಇದೆಯಲ್ಲ, ನೋಡಿ, ನಲವತ್ತೊಂದು, ಈಗ ನೀವೇ ಕೂಗಿದ್ರಿ. ಸಾಹೇಬ್ರು ಬಂದು ಸಹಿ ಹಾಕೋ ತನಕ ಗಾಡಿ ಬಿಡಲ್ಲ ಅಂದ್ರೆ ಬಿಡಬೇಡಿ! ಗಾಡಿ ಯಾರು ಕೇಳಿದ್ರು? ನಿಮ್ಮ ಅಂಗಳದಲ್ಲೇ ಬಿದ್ದಿರಲಿ, ಒಂದು ವಾರ ಇರಲಿ. ಹಿಂದಿನ ಬಾಗಿಲು ಒಂದ್ಸಲ ತೆಗೆದು ನೋಡಿ ಬರ್ತೀನಿ, ಅಷ್ಟೇ. ಬೀಗದ ಕೀಲಿ ನನ್ನ ಹತ್ರಾನೇ ಇದೆ. ನಿಮ್ಮ ಗೇಟಿನವನು ಒಳಗೇ ಬಿಡ್ತಿಲ್ಲ, ಮೇಡಂ ಹತ್ರ ಚೀಟಿ ತಗೊಂಡು ಬಾ ಅಂದ. ಒಂದು ಚೀಟಿ ಮೇಡಂ. ಎರಡೇ ನಿಮಿಷ...

ಯಾವ ಗಾಡಿನಾ? ನಿಮ್ಮ ಕಿಟಕಿಯಿಂದ್ಲೇ ಕಾಣುತ್ತೆ. ಅಗೋ, ಆ ನೀಲಿ ತಗಡಿನ ಡಬ್ಬ, ಮನೆ ಸಾಮಾನು ಸಾಗಿಸೋ ಲಾರಿ. ನಾನು ಒಂಬತ್ತಕ್ಕೆ ಬಂದಾಗ ಗೋಡೆ ನೆರಳು ಅರ್ಧ ಲಾರಿ ಮೇಲಿತ್ತು. ಆಮೇಲೆ ಮುಂದಿನ ಚಕ್ರಕ್ಕೆ ಬಂತು. ಈಗ... ಈಗ ನೆರಳೇ ಇಲ್ಲ ನೋಡಿ. ಗಂಟೆ ಎಷ್ಟು? ಹನ್ನೊಂದೂವರೆನಾ? ಅಯ್ಯೋ.

ಬೆಳಿಗ್ಗೆಯಿಂದ ಓಡ್ತಾನೇ ಇದ್ದೀನಿ ಮೇಡಂ. ಐದು ಮುಕ್ಕಾಲಿಗೆ ಬೀದಿಗೆ ಬಂದ್ರೆ ಗಾಡಿ ಇಲ್ಲ! ಕದ್ದರೇನೋ ಅಂತ ನಾಲ್ಕು ಬೀದಿ ಹುಡುಕಿದೆ. ಕಸ ಗುಡಿಸೋ ಅಮ್ಮ ಒಬ್ಬಳು, ನಾಲ್ಕು ಗಂಟೆಗೇ ಕ್ರೇನ್ ಬಂದು ಎಳ್ಕೊಂಡು ಹೋಯ್ತಪ್ಪಾ ಅಂದಳು. ಎಲ್ಲಿಗೆ ಎಳೆದ್ರು ಅಂತ ಅಲ್ಲಿ ಇಲ್ಲಿ ಕೇಳ್ಕೊಂಡು ಓಡಿ ಬರೋಷ್ಟರಲ್ಲಿ ಒಂಬತ್ತಾಯ್ತು.

ತಪ್ಪು ನಂದೇ. ಒಪ್ಕೊಂಡೆ. ನಿಮ್ಮ ನಿಯಮ ನನಗೆ ಬಾಯಿಪಾಠ: ಇಪ್ಪತ್ತೆರಡು ಅಡಿ ದಾಟಿದ ಗಾಡಿಗೆ ರಾತ್ರಿ ಪರ್ಮಿಟ್ ಬೇಕು, ಬಿಳಿ ಗೆರೆ ದಾಟಬಾರದು, ಬೆಸ ತಾರೀಕು ಎಡಗಡೆ, ಸಮ ತಾರೀಕು ಬಲಗಡೆ, ಸಂಜೆ ಯಾವ ತಾರೀಕೋ ಬೆಳಗಿನ ತನಕ ಅದೇ ಲೆಕ್ಕ. ನಾನು ತಾರೀಕು ಎಲ್ಲಿ ನೋಡ್ತೀನಿ ಮೇಡಂ? ಹೋದ ತಿಂಗಳು ಹತ್ತಕ್ಕೆ ಪರ್ಮಿಟ್ ಸಿಕ್ತು. ಅವತ್ತಿಂದ ಒಂದು ರಾತ್ರಿ ಎಡ, ಮಾರನೇ ರಾತ್ರಿ ಬಲ, ಎಡ, ಬಲ, ಎತ್ತು ಗಾಣ ಸುತ್ತಿದ ಹಾಗೆ. ಮೊನ್ನೆ ಮೂವತ್ತೊಂದು, ಎಡಗಡೆ ನಿಲ್ಲಿಸಿದ್ದೆ. ನಿನ್ನೆ ರೂಢಿ ಮೇಲೆ ಬಲಗಡೆ ನಿಲ್ಲಿಸಿಬಿಟ್ಟೆ. ಮೂವತ್ತೊಂದು ಆದಮೇಲೆ ಒಂದು, ಎರಡೂ ಬೆಸ ಅಲ್ವಾ! ಎರಡು ರಾತ್ರಿನೂ ಎಡಗಡೆನೇ ಇರಬೇಕಿತ್ತು. ಇಷ್ಟು ಸಣ್ಣ ಲೆಕ್ಕ ತಲೆಗೆ ಹೋಗಲಿಲ್ಲ. ದಂಡ ಎಷ್ಟಾದ್ರೂ ಹಾಕಿ, ಆ ಚೀಟಿ ಮಾತ್ರ ಈಗ ಕೊಡಿ.

ಏನು? ಹಾಂ, ಓದಿದೆ, ಕ್ರೇನಿನವರು ಬರೆದಿರೋದು. 'ಒಳಗಿರುವ ಸಾಮಾನು: ಖಾಲಿ.' ಡಬ್ಬ ತಟ್ಟಿ, ಕೂಗಿ ನೋಡಿಯೇ ಬರೆದಿದ್ದಾರಾ? ಸದ್ದೇ ಬರಲಿಲ್ವಂತಾ? ...ಹಾಂ. ಸರಿಯಾಗೇ ಬರೆದಿದ್ದಾರೆ. ಖಾಲಿನೇ. ಖಾಲಿ ಅಂದ್ರೆ ಒಂದಿಷ್ಟು ಹಳೇ ರಜಾಯಿ ಇದಾವೆ, ಬೀರು ಮಂಚಕ್ಕೆ ಸುತ್ತೋಕೆ. ಗೋಡೆಗೂ ಅದನ್ನೇ ಹೊಡೆದಿದ್ದೀನಿ, ಸಾಮಾನು ತಾಗಿ ಸವೀಬಾರದು ಅಂತ.

ಖಾಲಿ ಇದ್ಮೇಲೆ ಯಾಕೆ ತೆಗೀಬೇಕು ಅಂದ್ರೆ... ಕನ್ನಡಿ ಇದೆ ಮೇಡಂ! ಗಿರಾಕಿದು, ಆಳೆತ್ತರದ್ದು. ಬಿಸಿಲಿಗೆ ಸೀಳು ಬಿಟ್ರೆ ನನ್ನ ಕಥೆ ಮುಗೀತು. ...ಬಿಸಿಲಿಗೆ ಕನ್ನಡಿ ಸೀಳಲ್ವಾ? ಸೀಳಲ್ಲ... ಹೌದು. ನಿಮಗೆ ಸುಳ್ಳು ಯಾಕೆ ಹೇಳಲಿ, ಕನ್ನಡಿ ಅಲ್ಲ. ಬೆಕ್ಕು. ಬೆಕ್ಕಿದೆ ಒಳಗೆ. ಯಾಕೆ ನಗ್ತೀರಿ? ಅಯ್ಯೋ, ನಗಬೇಡಿ ಮೇಡಂ, ಉಸಿರಾಡೋ ಜೀವ ಅಲ್ವಾ ಅದು? ಕೆಳಗಡೆ ಅಂಗೈ ಅಗಲ ಒಂದು ಕಿಂಡಿ ಕೊರೆದಿದ್ದೀನಿ, ರಾತ್ರಿಗೆ ಸಾಕಾಗುತ್ತೆ, ಈ ಬಿಸಿಲಲ್ಲಿ ತಗಡು ಮುಟ್ಟಿದ್ರೆ ಕೈ ಸುಡುತ್ತೆ! ನೀರೂ ಇಲ್ಲ ಒಳಗೆ. ರಾತ್ರಿ ಬಾಟಲಿ ತೆಗೆದುಕೊಂಡು ಹೋಗಿ ಬೆಳಿಗ್ಗೆ ತುಂಬಿಸಿ ತರೋದು ನಾನೇ. ಇದೇ ಬಾಟಲಿ. ನೋಡಿ, ತುಂಬಿದ್ದು ತುಂಬಿದ ಹಾಗೇ ಇದೆ...

ಹೌದು, ಬೆಕ್ಕಿಗೆ ಬಾಟಲಿಯಲ್ಲೇ. ತಟ್ಟೆಗೆ ಸುರೀತೀನಿ.

ಇವಾ? ಏನಿಲ್ಲ, ಬ್ರೆಡ್ಡು. ಬೆಳಿಗ್ಗೆ ಕಟ್ಟಿಸ್ಕೊಂಡಿದ್ದು. ಎರಡು ಪೊಟ್ಟಣ ಅಂದ್ರೆ... ಮೈ ಮುರಿದು ದುಡಿಯೋನು ಮೇಡಂ, ಹಸಿವು ಜಾಸ್ತಿ. ಕೆಂಪು ದಾರ ಕಟ್ಟಿರೋದಾ? ಅದು ಸಕ್ಕರೆ ಇಲ್ಲದ್ದು. ಗುರುತಿಗೆ ಕಟ್ಟಿಸಿದ್ದು. ನನಗೇ, ನನಗೇ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದೇ ಇದ್ರೆ ಕಣ್ಣು ಕತ್ತಲೆ ಬಂದು ಬಿದ್ದುಬಿಡ್ತಾರೆ... ಬಿದ್ದುಬಿಡ್ತೀನಿ. ಏಳು ಗಂಟೆ ಒಳಗೆ ತಿನ್ನಬೇಕು.

ಆ ಲೋಟ ಯಾಕೆ ನೋಡ್ತಿದ್ದೀರಿ? ನಿಮ್ಮ ಆಫೀಸಿನವರು ಪಾಪ ಟೀ ಕೊಟ್ರು, ಕುಡಿದೆ. ಸಕ್ಕರೆನಾ? ...ಮೂರು ಚಮಚ ಹಾಕಿಸ್ಕೊಂಡೆ. ಹೌದು. ನಿಮ್ಮೆದುರಿಗೇ.

ಅದು ಯಾವ ಕಾಗದ ತೆಗೀತಿದ್ದೀರಿ? ಓ, ಪರ್ಮಿಟ್ ತಗೊಳ್ಳುವಾಗ ನಾನು ಬರ್ಕೊಟ್ಟಿದ್ದು. 'ವಾಹನದೊಳಗೆ ರಾತ್ರಿ ಯಾರೂ ಮಲಗುವುದಿಲ್ಲ. ಮಲಗಿದ್ದು ಕಂಡರೆ ಪರ್ಮಿಟ್ ರದ್ದು, ವಾಹನ ಜಪ್ತಿ.' ಸಹಿ ನಂದೇ. ಅದನ್ನ ಈಗ ಯಾಕೆ ತೋರಿಸ್ತೀರಿ? ನಾನು ಹಮಾಲರ ಕೋಣೆಯಲ್ಲಿ ಮಲಗ್ತೀನಿ, ಎಂಟು ಜನ ಗಂಡಸರು, ಯಾರನ್ನ ಬೇಕಾದ್ರೂ ಕೇಳಿ. ಆಮೇಲೆ ಡಬ್ಬಕ್ಕೆ ಹೊರಗಡೆಯಿಂದ ಬೀಗ ಇದೆ ಮೇಡಂ! ಇಷ್ಟು ದಪ್ಪದ ಬೀಗ! ಹೊರಗಡೆಯಿಂದ ಬೀಗ ಇದೆ ಅಂದ್ರೆ ಒಳಗೆ ಮನುಷ್ಯರು ಹೇಗಿರ್ತಾರೆ? ನಿಮ್ಮ ರಾತ್ರಿ ಪಾಳಿಯವರು ದಿನಾ ಬೀಗಕ್ಕೆ ಟಾರ್ಚ್ ಬಿಟ್ಟು ನೋಡಿ ಮುಂದೆ ಹೋಗ್ತಾರೆ. ಯಾರಾದ್ರೂ ಬದುಕಿರೋ ಮನುಷ್ಯರನ್ನ ಒಳಗಿಟ್ಟು ಹೊರಗಿಂದ ಬೀಗ ಹಾಕ್ತಾರಾ? ಹಾಕ್ತಾರಾ, ಹೇಳಿ?

...ನೀವು ಕೇಳಲೇ ಇಲ್ಲ ಅಲ್ವಾ ಅದನ್ನ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಂದು.

ಬೈಯಿರಿ. ಪೆನ್ನು ಕೆಳಗಿಟ್ಟು ಹೀಗೆ ನೋಡಬೇಡಿ. ಆ ಪೊಟ್ಟಣ ಯಾಕೆ ಮುಟ್ತೀರಿ... ಆ ದಾರ ಬಿಚ್ಚಬೇಡಿ. ಅದು ಅವಳದು.

ನನ್ನ ಅಕ್ಕ, ಮೇಡಂ.

ಅಕ್ಕ ಇದ್ದಾಳೆ ಒಳಗೆ.

ನಾವಿದ್ದ ಕಟ್ಟಡ ಬಿರುಕು ಬಿಟ್ಟಿದೆ, ಬೀಳುತ್ತೆ ಅಂತ ಎರಡು ತಿಂಗಳ ಹಿಂದೆ ಎಲ್ಲರನ್ನೂ ಖಾಲಿ ಮಾಡಿಸಿದ್ರು. ಊರವರ ಮನೆಯೆಲ್ಲ ಹೊತ್ತು ಸಾಗಿಸೋನಿಗೆ ತನ್ನ ಅಕ್ಕನನ್ನ ಇಡೋಕೆ ಒಂದು ಕೋಣೆ ಸಿಗಲಿಲ್ಲ. ಹಮಾಲರ ಕೋಣೆಗೆ ಹೆಂಗಸರನ್ನ ಬಿಡಲ್ಲ. 'ಈ ರಜಾಯಿ ಮೇಲೆ ರಾಣಿ ಥರ ಮಲಗ್ತೀನಿ ಕಣೋ, ಬೀಗ ಹಾಕಿ ಹೋಗು' ಅಂದಳು ಅವಳೇ. ಬೀಗ ಹೊರಗಿದ್ರೆ ಯಾರಿಗೂ ಅನುಮಾನ ಬರಲ್ಲ ಅಂತ ಉಪಾಯ ಮಾಡಿದ್ದು ನಾನು. ನಮ್ಮಮ್ಮ ಹೋದಾಗ ನನಗೆ ನಾಲ್ಕು ವರ್ಷ, ನನ್ನ ಎತ್ತಿ ಆಡಿಸಿದ ಕೈ ಮೇಡಂ ಅದು. ಆ ಕೈಯನ್ನ ಒಳಗಿಟ್ಟು ಬೀಗ ಹಾಕಿದೆ.

ಬಂದ ತಕ್ಷಣ ಯಾಕೆ ಹೇಳಲಿಲ್ಲ ಅಂತ ತಾನೇ? ಹಾಗೆ ನೋಡಬೇಡಿ, ಹೇಳ್ತೀನಿ. ಒಂಬತ್ತಕ್ಕೆ ಇಲ್ಲಿಗೆ ಬಂದಾಗ ನಾಲಿಗೆ ತುದಿಗೆ ಬಂದಿತ್ತು. ಗೋಡೆ ಮೇಲೆ ಅದೇ ನಿಯಮ ದೊಡ್ಡ ಅಕ್ಷರದಲ್ಲಿ ಬರೆದಿತ್ತು, ವಾಹನ ಜಪ್ತಿ ಅಂತ. ಲಾರಿ ಹೋದ್ರೆ ಹೊಟ್ಟೆಗೆ ಅನ್ನವೂ ಇಲ್ಲ, ತಲೆ ಮೇಲೆ ಸೂರೂ ಇಲ್ಲ. ಟೋಕನ್ ಬೇಗ ಬರುತ್ತೆ, ಸುಮ್ನೆ ಬಾಗಿಲು ತೆಗೆದು ಕರ್ಕೊಂಡು ಬರೋಣ, ಯಾರಿಗೂ ಗೊತ್ತಾಗಲ್ಲ ಅಂತ ಕೂತೆ. ಇಪ್ಪತ್ತು ಕೂಗಿದ್ರಿ, ಕೂತೆ. ಮೂವತ್ತು ಕೂಗಿದ್ರಿ, ಕೂತೆ. ಆ ನೆರಳು ಇಂಚಿಂಚೇ ಸರೀತಿತ್ತು, ನಾನು ನೋಡ್ತಾ ಕೂತೆ ಮೇಡಂ. ಮೂರು ಚಮಚ ಸಕ್ಕರೆ ಹಾಕಿದ ಟೀ ಕುಡ್ಕೊಂಡು! ಎಂಥ ಪಾಪಿ ನಾನು...

ಯಾರಿಗೆ ಫೋನು? ಪೊಲೀಸ್‌ಗಾ? ಮಾಡಿ... ಗೇಟಿಗಾ? ಹಾಂ ಹಾಂ, ಹೇಳಿ, ಬೇಗ ಹೇಳಿ. ಅಗೋ, ಹೋಗ್ತಿದ್ದಾನೆ. ಕೋಲಲ್ಲಿ ಬಡೀತಿದ್ದಾನೆ.

ಏನಂತೆ? ಸದ್ದಿಲ್ವಾ? ಯಾರೂ ಇಲ್ಲ ಅಂತಾನಾ? ಇದ್ದಾಳೆ ಮೇಡಂ! ನಾನು ಸುಳ್ಳುಗಾರನೇ, ಆದ್ರೆ ಇದು ಸುಳ್ಳಲ್ಲ! ಬಿಡಬೇಡಿ, ಫೋನ್ ಇಡಬೇಡಿ!

ಹಾಗೆ ಬಡಿದ್ರೆ ಅವಳು ಉಸಿರೆತ್ತಲ್ಲ. ಹೋದ ತಿಂಗಳು ನಿಮ್ಮ ಪಾಳಿಯವರು ಒಮ್ಮೆ ಹೀಗೇ ಕೋಲಲ್ಲಿ ಬಡಿದು, ಯಾರು ಒಳಗೆ ಅಂತ ಕೂಗಿದ್ರಂತೆ. ಅವಳಿಗೆ ಕೆಮ್ಮು ಬಂದಿತ್ತು. ಬಾಯಿಗೆ ರಜಾಯಿ ತುರುಕ್ಕೊಂಡು ಅರ್ಧ ಗಂಟೆ ಸುಮ್ನಿದ್ದಳಂತೆ. ಬೆಳಿಗ್ಗೆ ನಾನು ಬಾಗಿಲು ತೆಗೆದ್ರೆ ಕಣ್ಣೆಲ್ಲ ಕೆಂಪು, ಆದ್ರೂ ನಗ್ತಿದ್ದಳು. 'ಗೆದ್ದೆ ಕಣೋ' ಅಂದಳು. ಇವತ್ತೂ ಗಾಡಿ ಅಲುಗಾಡಿದಾಗ ನಾನೇ ಓಡಿಸ್ತಿದ್ದೀನಿ ಅಂದ್ಕೊಂಡಿರ್ತಾಳೆ. ನಿಂತಮೇಲೆ ನನಗೇ ಕಾಯ್ತಿರ್ತಾಳೆ. ಕ್ರೇನಿನವರು ಕೂಗಿದಾಗ್ಲೂ ಬಾಯಿಗೆ ರಜಾಯಿ ಒತ್ಕೊಂಡು ಕೂತಿರ್ತಾಳೆ, ತಮ್ಮನ ಲಾರಿ ಉಳಿಸ್ತಿದ್ದೀನಿ ಅಂತ.

ಚೀಟಿ ಕೊಡಿ, ನಾನು ಓಡ್ತೀನಿ, ಕೀಲಿ ಇಲ್ಲೇ ಇದೆ. ಅಷ್ಟರಲ್ಲಿ ಅವನಿಗೆ ಹೇಳಿ ಮೇಡಂ, ಕೋಲು ಬಿಸಾಕೋಕೆ ಹೇಳಿ. ಬೆರಳಲ್ಲಿ, ಮೆಲ್ಲಗೆ, ಮೂರು ಸಲ ತಟ್ಟೋಕೆ ಹೇಳಿ. ಮೂರೇ ಸಲ. ಹಾಗೆ ತಟ್ಟಿದ್ರೆ ಮಾತ್ರ ಮಾತಾಡು, ಬೇರೆ ಯಾರು ಬಂದು ಎಷ್ಟು ಬಡಿದ್ರೂ ಸತ್ರೂ ಬಾಯಿ ಬಿಡಬೇಡ ಅಂತ... ನಾನೇ ಹೇಳಿಕೊಟ್ಟಿದ್ದೀನಿ.