ನಾಲ್ಕು ನಿಮಿಷದಲ್ಲಿ ಕಾಣೆಯಾದ ಹನ್ನೊಂದು ಜನ

ಅಧ್ಯಕ್ಷರಾದ ಮಾನ್ಯ ಶಾಂತವೀರಪ್ಪ ಕಾಕಾ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಉದಗೀರದ ಕನ್ನಡ ಬಳಗದ ಪದಾಧಿಕಾರಿಗಳೇ, ಉಮರ್ಗಾದಿಂದ ಎಸ್‌ಟಿ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುವ ನನ್ನ ತವರಿನವರೇ, ಸಭಿಕರೇ,

ನಿರೂಪಕರು ಈಗ ನನ್ನನ್ನು ‘ಅನುರಾಧಾ ತಾಈ’ ಎಂದು ಕರೆದರು. ಮರಾಠಿಯಲ್ಲಿ ಅದು ಅಕ್ಕ. ಕನ್ನಡದ ಕಿವಿಗೆ ತಾಯಿ ಎಂದು ಕೇಳಿಸುತ್ತದೆ. ಗಡಿಯಲ್ಲಿ ಬದುಕುವವರಿಗೆ ಇದೊಂದು ಲಾಭ, ಒಂದೇ ಮಾತಿನಲ್ಲಿ ಎರಡು ಮರ್ಯಾದೆ. ನಗಿರಿ, ನಗಿರಿ. ಆಮೇಲೆ ನಗುವುದಕ್ಕೆ ನಾನು ಅವಕಾಶ ಕೊಡುವುದಿಲ್ಲ. ಆ ಎರಡರಲ್ಲಿ ಯಾವುದಕ್ಕೂ ನಾನು ತಕ್ಕವಳಲ್ಲ ಎಂದು ಹೇಳುವುದಕ್ಕೇ ಇಲ್ಲಿಗೆ ಬಂದಿದ್ದೇನೆ. ಶಾಲು ತಟ್ಟೆಯಲ್ಲಿಯೇ ಇರಲಿ. ಹೊದಿಸಬೇಡಿ.

ನನ್ನ ಬೆನ್ನಿನ ಹಿಂದೆ ಆರಡಿ ಎತ್ತರ ಮಾಡಿ ನನ್ನ ಚಿತ್ರ ಕಟ್ಟಿದ್ದೀರಿ. ಹುಣಸವಾಡಿ ಕೆರೆಯ ಕಲ್ಲಿನ ಘಾಟ್, ನೀರಿಗಿಳಿಯುವ ಮೆಟ್ಟಿಲುಗಳು. ಮೋಡಗಳು ಬಾಚಿದ ಹತ್ತಿಯ ಹಾಗೆ ಎಳೆಎಳೆಯಾಗಿ ಹರಿದಿವೆ. ನೀರು ಹಾಲಿನ ಹಾಗೆ ನಿಂತಿದೆ. ಮೆಟ್ಟಿಲುಗಳ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಹೆಸರು ‘ನಿರ್ಜನ’. ರಾಜ್ಯಮಟ್ಟದಲ್ಲಿ ಮೊದಲ ಬಹುಮಾನ. ಇದನ್ನು ಹೇಗೆ ತೆಗೆದಿರಿ ಎಂದು ಎಲ್ಲರೂ ಕೇಳುತ್ತೀರಿ. ಇವತ್ತು ಪೂರ್ತಿ ಹೇಳುತ್ತೇನೆ.

ನಾನು ಹತ್ತೊಂಬತ್ತು ವರ್ಷಗಳಿಂದ ಮದುವೆ ಫೋಟೋ ತೆಗೆಯುವವಳು. ಇವತ್ತು ಉಮರ್ಗಾ, ನಾಳೆ ನಿಲಂಗಾ, ನಾಡಿದ್ದು ಶಿರೂರ ಅನಂತಪಾಳ. ಮದುಮಗನ ಮುಖ, ಮದುಮಗಳ ಮುಖ, ಊಟ ತಡವಾಯಿತೆಂದು ಸಿಟ್ಟಾದ ಬೀಗರ ಮುಖ. ನಿಜ ಹೇಳುತ್ತೇನೆ, ನನಗೆ ಮುಖಗಳೆಂದರೆ ಸಾಕಾಗಿತ್ತು. ಸಾವಿರ ಮನೆಗಳ ಆಲ್ಬಮ್ ನನ್ನ ಕೈಯಿಂದ ಆಗಿವೆ. ಒಂದರಲ್ಲೂ ನನ್ನ ಹೆಸರಿಲ್ಲ. ನನ್ನದು ಎನ್ನುವ ಒಂದು ಚಿತ್ರ ಬೇಕಿತ್ತು. ಅದರಲ್ಲಿ ಮನುಷ್ಯರು ಇರಬಾರದಿತ್ತು.

ಹಾಗಾಗಿ ಬಸ್ಸಿನ ಕಿಟಕಿ ಪಕ್ಕ ಕುಳಿತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಈ ಗುಡ್ಡಕ್ಕೆ ಎಷ್ಟು ಗಂಟೆಗೆ ಬಿಸಿಲು ಬೀಳುತ್ತದೆ, ಈ ಕೆರೆಯ ಮೇಲೆ ಗಾಳಿ ಯಾವ ಕಡೆಯಿಂದ ಬರುತ್ತದೆ. ಮುರುಮ ಊರಿನ ಕಾರ್ಖಾನೆಯ ಹೊಗೆಯ ಚಿತ್ರ ತೆಗೆಯಲು ಆರು ಸಲ ಹೋದೆ. ಅದು ನನಗಿಂತ ಮೊದಲೇ ಯಾರೋ ತೆಗೆದ ಚಿತ್ರವಾಗಿತ್ತು. ಉದಗೀರದ ಕೋಟೆಯಂತೂ ಬೇಡ, ಊರಿಗೆ ಬಂದ ಅಳಿಯಂದಿರೆಲ್ಲ ಅದನ್ನು ತೆಗೆದು ಮುಗಿಸಿದ್ದಾರೆ. ಹೀಗಿರುವಾಗ ಹೋದ ವರ್ಷ ಮೇ ತಿಂಗಳಲ್ಲಿ, ವಲಾಂಡಿಯ ಒಂದು ಮದುವೆಗೆ ಹೋಗುವಾಗ ಜೀಪು ಪಂಕ್ಚರ್ ಆಗಿ ಹುಣಸವಾಡಿಯಲ್ಲಿ ಇಳಿದೆ. ಘಾಟ್ ಕಂಡಿತು. ಯಾರೂ ತೆಗೆದಿರಲಿಲ್ಲ.

ಮೂರು ಸಲ ಹೋಗಿ ನೋಡಿ ಬಂದೆ. ಮೆಟ್ಟಿಲುಗಳು ಪಶ್ಚಿಮಕ್ಕೆ ಮುಖ ಮಾಡಿವೆ, ಬೆಳಗಿನ ಏಳೂವರೆಯವರೆಗೆ ನೆರಳು. ಮಿರಗದ, ಅಂದರೆ ಮೃಗಶಿರ ಮಳೆಯ, ಮೊದಲ ವಾರದಲ್ಲಿ ಮೋಡಗಳು ನೀರಿನ ಮೇಲಿಂದ ನೇರ ಘಾಟಿಗೆ ಬರುತ್ತವೆ. ಕ್ಯಾಮರಾದ ಕಣ್ಣಿಗೆ ಕಪ್ಪು ಗಾಜು ಹಾಕಿ ನಾಲ್ಕು ನಿಮಿಷ ತೆರೆದಿಟ್ಟರೆ ಸಾಕು. ಕದಲದೆ ಇರುವುದು ಮಾತ್ರ ಚಿತ್ರದಲ್ಲಿ ಉಳಿಯುತ್ತದೆ. ಓಡಾಡುವುದು ಯಾವುದೂ ಉಳಿಯುವುದಿಲ್ಲ.

ಅಡ್ಡಿ ಒಂದೇ ಇತ್ತು. ದಿನಾ ಬೆಳಿಗ್ಗೆ ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಿದ್ದರು. ಅವರ ಓಣಿಗೆ ನಲ್ಲಿ ಇಲ್ಲ. ಅವರಲ್ಲಿ ಹಿರಿಯಳು ತುಳಜಾಬಾಯಿ, ಎಪ್ಪತ್ತು ದಾಟಿದವಳು. ನಾನು ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿದ್ದು ನೋಡಿ ಹತ್ತಿರ ಬಂದಳು.

“ಏನ್ ಮಾಡ್ಲತ್ತೀ ಬಾಯಿ? ಭೂಮಿ ಅಳೀಲತ್ತೀ ಏನು?”

“ಇಲ್ಲ ಯವ್ವಾ, ಫೋಟೋ ತೆಗೀಲತ್ತೀನಿ.”

“ಹಂಗಾರ ನಾವು ಏಳ್ಬೇಕಾ?”

“ಬ್ಯಾಡ್ರಿ. ನಿಮ್ ಕೆಲಸಾ ಮಾಡ್ರಿ. ಒಂದೇ ಕಡಿ ಮಾತ್ರ ಕೂಡಬ್ಯಾಡ್ರಿ, ಸರದಾಡಕೋತ ಇರ್ರಿ.”

“ಕೂತ್ರ ಏನಾಗ್ತದ?”

“ಫೋಟೋ ಖರಾಬ್ ಆಗ್ತದ.”

ಸಭಿಕರೇ, ಕೂತರೆ ಅವರು ಚಿತ್ರದಲ್ಲಿ ಬರುತ್ತಿದ್ದರು. ನಾನು ಅದನ್ನು ಹೇಳಲಿಲ್ಲ. ತುಳಜಾಬಾಯಿ ಹಿಂದಿರುಗಿ ಎಲ್ಲರಿಗೂ ಕೂಗಿ ಹೇಳಿದಳು, “ಏ, ಯಾರೂ ಕೂಡಬ್ಯಾಡ್ರೇ! ಬಾಯಿದು ಫೋಟೋ ಖರಾಬ್ ಆಗ್ತದಂತ!” ಮಂಡಿನೋವಿನ ಆ ಮುದುಕಿ ನಾಲ್ಕು ನಿಮಿಷ ಒದ್ದೆ ಬಟ್ಟೆ ಹೊತ್ತು ಮೆಟ್ಟಿಲು ಹತ್ತಿ ಇಳಿದಳು. ಹನ್ನೊಂದು ಜನ ಹೆಂಗಸರು ನನಗಾಗಿ ಹತ್ತಿ ಇಳಿದರು. ಮುಗಿದ ಮೇಲೆ ಕೇಳಿದಳು, “ಛಲೋ ಬಂತಾ?” ನಾನು “ಛಲೋ ಬಂತ್ರಿ” ಎಂದೆ.

ಬಹುಮಾನ ಬಂತು. ಕ್ಯಾಲೆಂಡರ್ ಆಯಿತು. ಕಾಕಾ, ನೀವೇ ನನ್ನ ಸ್ಟುಡಿಯೋಗೆ ಬಂದಿರಿ. ನನ್ನ ಮದುವೆಯಲ್ಲಿ ಅಕ್ಷತೆ ಹಾಕಿದವರು ನೀವು. “ಮಗಳಾ, ಒಂದು ದೊಡ್ಡ ಪ್ರಿಂಟ್ ಕೊಡು” ಅಂದಿರಿ. ಹಿಗ್ಗಿ ಕೊಟ್ಟೆ. ಎಲ್ಲಿ ತೂಗುಹಾಕುತ್ತೀರಿ ಎಂದೂ ಕೇಳಲಿಲ್ಲ. ನೀವು ಅದನ್ನು ಗೋಡೆಗೆ ತೂಗುಹಾಕಲಿಲ್ಲ. ನಿಮ್ಮ ಕೆರೆ ಸೌಂದರ್ಯೀಕರಣ ಸಮಿತಿಯ ಅರ್ಜಿಗೆ ಲಗತ್ತಿಸಿದಿರಿ. ‘ಸದರಿ ಘಾಟ್ ಬಹುಕಾಲದಿಂದ ಬಳಕೆಯಲ್ಲಿ ಇರುವುದಿಲ್ಲ, ಛಾಯಾಚಿತ್ರ ನೋಡಿರಿ.’ ಹೀಗೆ ಬರೆದಿದ್ದೀರಿ. ಅರ್ಜಿಯ ನಕಲು ನನ್ನ ಕೈಯಲ್ಲಿದೆ. ಡಿಸೆಂಬರಿನಲ್ಲಿ ಸುತ್ತ ಕಬ್ಬಿಣದ ಬೇಲಿ ಬಂತು, ಗೇಟು ಬಂತು, ಗೇಟಿಗೆ ಬೀಗ ಬಂತು.

ಚಿತ್ರ ನೋಡಿ ಮೋಸ ಹೋದೆ ಎನ್ನುತ್ತೀರಾ? ಭೂಮಿಪೂಜೆಗೆ ನೀವೇ ಹೋಗಿದ್ದಿರಲ್ಲ! ಆ ದಿನವೂ ಘಾಟಿನ ಮೇಲೆ ಸೀರೆಗಳು ಒಣಗುತ್ತಿದ್ದವು. ಅವನ್ನು ತೆಗೆಸಿಯೇ ಶಾಮಿಯಾನಾ ಹಾಕಿಸಿದಿರಿ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ಎಷ್ಟು ಜನ ಅವತ್ತು ಆ ಶಾಮಿಯಾನಾದ ಕೆಳಗೆ ಪೇಢೆ ತಿಂದಿರಿ? ಸೀರೆ ಇದ್ದಲ್ಲಿ ಹೆಂಗಸರು ಇರುತ್ತಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲವೇ? ನನ್ನ ಕ್ಯಾಮರಾಕ್ಕೆ ಕಪ್ಪು ಗಾಜು ಹಾಕಿದ್ದು ನಾನು. ನಿಮ್ಮ ಕಣ್ಣಿಗೆ ಹಾಕಿದವರು ಯಾರು?

ಚೀಟಿ ಬಂದಿದೆ. ‘ಸಮಯದ ಅಭಾವ’ ಎಂದು ಬರೆದಿದ್ದಾರೆ. ಇರಲಿ. ಸ್ವಾಗತಕ್ಕೆ ಐವತ್ತು ನಿಮಿಷ ತೆಗೆದುಕೊಂಡಿದ್ದೀರಿ, ನನಗೆ ಇನ್ನು ಐದು ಕೊಡಿ.

ಜನವರಿಯಲ್ಲಿ ತುಳಜಾಬಾಯಿಯ ಸೊಸೆ ರೂಪಾಲಿ ನನ್ನ ಸ್ಟುಡಿಯೋ ಹುಡುಕಿಕೊಂಡು ಬಂದಳು. “ಅಕ್ಕಾ, ಆವತ್ತ ಮುಂಜಾನಿ ನೀವು ಫೋಟೋ ತೆಗ್ದಿದ್ರಲ್ಲ, ಅದರ ಕಾಪಿ ಕೊಡ್ರಿ. ಘಾಟಿಗಿ ಯಾರೂ ಬರಲ್ಲಂತ ಬರ್ದಾರ. ಫೋಟೋದಾಗ ನಾವು ಅದೀವಲ್ಲ, ತಹಸೀಲಿನ್ಯಾಗ ತೋರಿಸ್ತೀವಿ.”

ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಕ್ಯಾಲೆಂಡರ್ ಮೇಲೆ ಹೋಯಿತು. ಹತ್ತಿರ ಹೋದಳು. ಬೆರಳಿನಿಂದ ಮೇಲಿನ ಮೆಟ್ಟಿಲಿನಿಂದ ನೀರಿನವರೆಗೆ ಹುಡುಕಿದಳು. “ಇದು ನಮ್ದೇ ಘಾಟಲ್ಲಾ? ನಾವೆಲ್ಲಿ ಅಕ್ಕಾ?”

ಕಪ್ಪು ಗಾಜಿನ ವಿಷಯ ವಿವರಿಸಿದೆ. ಆಮೇಲೆ “ಬ್ಯಾರೆ ಫೋಟೋ ಯಾವುದೂ ಇಲ್ಲೇನ್ರೀ?” ಎಂದಳು. ನಾನು “ಇಲ್ಲ” ಎಂದೆ.

ಇತ್ತು. ನಾಲ್ಕು ನಿಮಿಷದ ಚಿತ್ರಕ್ಕೆ ಮೊದಲು ಗಾಜು ಹಾಕದೆ ಒಂದು ಸಾದಾ ಚಿತ್ರ ತೆಗೆದು ಎಲ್ಲ ಸರಿ ಇದೆಯೇ ಎಂದು ನೋಡಿಕೊಳ್ಳುವುದು ರೂಢಿ. ಅದರಲ್ಲಿ ಹನ್ನೊಂದು ಜನರೂ ಇದ್ದಾರೆ, ಮುಖ ಗುರುತು ಸಿಗುವ ಹಾಗೆ, ತಾರೀಖು ವೇಳೆ ಸಮೇತ. ಮತ್ತೇಕೆ ಇಲ್ಲ ಎಂದೆ? ‘ನಿರ್ಜನ’ ಎಂದು ಹೆಸರಿಟ್ಟು ಬಹುಮಾನ ತಂದವಳು ನಾನು. ಆ ಚಿತ್ರ ಹೊರಬಿದ್ದರೆ ಜನ ನಗುತ್ತಾರೆ. ಅದಕ್ಕೇ. ಬೇರೆ ಕಾರಣವಿಲ್ಲ. ರೂಪಾಲಿ ಹೋದ ಮೇಲೆ ಕ್ಯಾಲೆಂಡರ್ ತೆಗೆದು ಕಪಾಟಿನಲ್ಲಿಟ್ಟು ಗಿರಾಕಿಗಳಿಗೆ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಕುಳಿತೆ.

ಘಾಟಿಗೆ ಬೀಗ ಬಿದ್ದ ಮೇಲೆ ಅವರೆಲ್ಲ ಬಟ್ಟೆ ಹೊತ್ತು ಎರಡು ಕಿಲೋಮೀಟರ್ ದೂರದ, ನೀರು ತುಂಬಿದ ಕಲ್ಲಿನ ಖಣಿಗೆ ಹೋಗುತ್ತಿದ್ದರು. ಅಲ್ಲಿ ಮೆಟ್ಟಿಲಿಲ್ಲ. ಫೆಬ್ರವರಿಯಲ್ಲಿ ತುಳಜಾಬಾಯಿ ಜಾರಿಬಿದ್ದಳು. ಸೊಂಟದ ಮೂಳೆ ಮುರಿಯಿತು. ಅದು ನನಗೆ ಗೊತ್ತಾದದ್ದು ವಲಾಂಡಿಯ ಮದುವೆಯೊಂದರ ಪಂಕ್ತಿಯಲ್ಲಿ, ಯಾರೋ ಹೋಳಿಗೆ ಬಡಿಸಿಕೊಳ್ಳುತ್ತ ಆಡಿದ ಮಾತಿನಿಂದ.

ಆ ಸಾದಾ ಚಿತ್ರದ ಪ್ರಿಂಟ್ ಹಾಕಿಸಿಕೊಂಡು ಹೋದೆ. ಹೊರಸಿನ ಮೇಲೆ ಮಲಗಿದ್ದಳು. ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬೊಬ್ಬರ ಹೆಸರು ಹೇಳಿದಳು. ಒಂದು ಮುಖದ ಹತ್ತಿರ ನಿಂತಳು. “ಈಕಿ ನೋಡು, ಅಮೋಘಸಿದ್ಧನ ಅವ್ವ. ಶ್ರಾವಣದಾಗ ಹೋದಳು. ಮನ್ಯಾಗ ಇಡ್ಲಿಕ್ಕ ಆಕಿದೊಂದು ಫೋಟೋ ಸುದ್ದಾ ಇರಲಿಲ್ಲ.” ಆಮೇಲೆ ನನ್ನ ಕಡೆ ನೋಡಿದಳು. “ಇದು ನಿನ್ ಕಡಿ ಮೊದಲೇ ಇತ್ತಾ?”

“ಇತ್ರಿ.”

“ರೂಪಾಲಿ ಬಂದಾಗ್ನೂ?”

“ಇತ್ರಿ.”

ಬೈಯಲಿಲ್ಲ. ಬೈದಿದ್ದರೆ ನಾನು ಇವತ್ತು ಇಷ್ಟು ಕೂಗಾಡುತ್ತಿರಲಿಲ್ಲವೇನೋ. “ರೂಪಾಲಿ, ಬಾಯಿಗಿ ಚಾ ಕುಡಿಸಿ ಕಳಸು” ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಆ ಚಹಾ ನಾನು ಕುಡಿದೆ.

ಎರಡೂ ಚಿತ್ರಗಳನ್ನು, ನಾನು ಹೇಳಿದ ಸುಳ್ಳನ್ನೂ ಸೇರಿಸಿ, ಪ್ರಮಾಣಪತ್ರ ಮಾಡಿ ತಹಸೀಲ ಕಚೇರಿಗೆ ಕೊಟ್ಟಿದ್ದೇನೆ. ಬಹುಮಾನ ಕೊಟ್ಟವರಿಗೆ ಚಿತ್ರ ಹಿಂದಕ್ಕೆ ಪಡೆಯುವ ಪತ್ರ ಕಳಿಸಿದ್ದೇನೆ. ವಿಚಾರಣೆ ಬರುವ ಬುಧವಾರ ಹನ್ನೊಂದು ಗಂಟೆಗೆ. ಕಾಕಾ, ನಿಮಗೂ ನೋಟೀಸು ಬರುತ್ತದೆ, ಅಲ್ಲಿ ನನ್ನನ್ನು ಮಗಳೇ ಎಂದು ಕರೆಯಬೇಡಿ. ಬೀಗ ತೆರೆಯಬಹುದು, ತೆರೆಯದೆಯೂ ಇರಬಹುದು. ತೆರೆದರೂ ತುಳಜಾಬಾಯಿ ಇನ್ನು ಯಾವ ಮೆಟ್ಟಿಲನ್ನೂ ಇಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಕರೆದು ಕೂರಿಸಿದ ಬಳಗಕ್ಕೆ, ಸಿಟ್ಟು ಬಂದರೂ ಎದ್ದುಹೋಗದ ನಿಮಗೆ, ಮೈಕ್ ಬಂದ್ ಮಾಡು ಎಂದು ವೇದಿಕೆಯಿಂದ ಮೂರು ಸಲ ಸನ್ನೆ ಮಾಡಿದರೂ ಕೈ ಕಟ್ಟಿ ನಿಂತ ಮೈಕಿನವ ಬಸವಕುಮಾರನಿಗೆ ನಾನು ಋಣಿ. ಬುಧವಾರ ಹುಣಸವಾಡಿಯ ಉಳಿದ ಒಂಬತ್ತು ಜನ ಹೆಂಗಸರು ಬಸ್ಸಿಗೆ ಬರುತ್ತಾರೆ. ಅವರ ಜೊತೆ ಕಚೇರಿಯ ವರಾಂಡಾದಲ್ಲಿ ಬಂದು ನಿಲ್ಲುವವರು ನಿಲ್ಲಿರಿ.

ನಮಸ್ಕಾರ.