ಚಾವಣಿಯಿಂದ ಇಳಿದ ಚೆಲ್ಲೊ

ಲೈಪ್‌ಜಿಗ್‌ನ ಟ್ರಾಮಿನಲ್ಲಿ, ಕೆಲಸ ಮುಗಿಸಿ ಸೋತು ಕೂತಿದ್ದ ಜಿಲ್ಕೆಯ ಎದುರಿಗೆ ಒಬ್ಬ ಮುದುಕ ದೊಡ್ಡ ಪೆಟ್ಟಿಗೆಯೊಂದನ್ನು ತೊಡೆಯ ಮೇಲೆ ತಬ್ಬಿಕೊಂಡಿದ್ದ. ಅವನ ಪಕ್ಕಕ್ಕೆ ಬಂದು ಕೂತ ಹೆಂಗಸು, ಮಾತು ಕೇಳಿದರೆ, ಅವನ ಮನೆಯ ಮೇಲಿನ ಮಹಡಿಯವಳಿರಬೇಕು.

“ಏನಿದು, ಹಾಗೆನ್ ಅವರೇ, ಇಷ್ಟು ಭಾರ ಹೊತ್ಕೊಂಡು?”

“ಹಾಡು ಕೇಳೋಕೆ ಆಂಪ್ಲಿಫೈಯರ್, ರೋಸ್ನರ್ ಅವರೇ. ಸ್ಪೀಕರ್‌ಗಳು ಸೋಮವಾರ ಮನೆಗೇ ಬರ್ತವೆ.”

“ನೀವಾ? ಸ್ಪೀಕರಾ?”

“ಸಣ್ಣಗೇ ಇಡ್ತೀನಿ. ನನ್ನಾಕೆ ತೀರಿಕೊಂಡ ಮೇಲೆ ಸಂಗೀತ ಅಂದ್ರೆ ಮೈಯೆಲ್ಲ ಉರೀತಿತ್ತು. ಹಳೇ ಸೆಟ್ಟು ಆಗಲೇ ಮಾರಿಬಿಟ್ಟೆ.”

“ಅದಕ್ಕೇ ನಮ್ಮ ಮಗಳು ಮಾರ್ಲೆನೆ ಆ ದೊಡ್ಡ ಪಿಟೀಲು, ಚೆಲ್ಲೊ, ನುಡಿಸೋಕೆ ಕೂತ ತಕ್ಷಣ ಪೊರಕೆ ಕೋಲಲ್ಲಿ ಚಾವಣಿ ಕುಟ್ತಿದ್ರಿ.”

“ಮಧ್ಯಾಹ್ನ ಸದ್ದು ಮಾಡಬಾರದು ಅಂತ ಕಟ್ಟಡದ ನಿಯಮ ಇದೆಯಲ್ಲ...”

“ಸಂಜೇನೂ ಕುಟ್ಟಿದ್ರಿ.”

ಮುದುಕ ತಲೆ ತಗ್ಗಿಸಿ ಪೆಟ್ಟಿಗೆಯ ಟೇಪನ್ನು ಉಗುರಿನಿಂದ ಕೆರೆಯತೊಡಗಿದ. “ಹೌದು. ಕುಟ್ಟಿದೆ.”

“ಹೋಗ್ಲಿ, ಆರಿಸಿದ್ದು ಹೇಗೆ? ಅಂಗಡೀಲಿ ನೂರೆಂಟು ಥರ ಇರ್ತವಲ್ಲ.”

“ಚೆಲ್ಲೊ ಹಾಕಿ ಅಂದೆ. ಎಲ್ಲದರಲ್ಲೂ ಕೇಳಿಸಿದ್ರು. ಒಂದರಲ್ಲಿ ಮಾತ್ರ, ನಮ್ಮ ಚಾವಣಿಯಿಂದ ಇಳಿದು ಬರ್ತಿತ್ತಲ್ಲ, ಹಾಗೇ ಇತ್ತು. ಅದನ್ನೇ ತಗೊಂಡೆ.”

ಕೇಳಬಾರದ್ದನ್ನು ಕೇಳಿದೆ ಅನ್ನಿಸಿ ಜಿಲ್ಕೆ ಕಿಟಕಿಯತ್ತ ತಿರುಗಿದಳು.

“ಮಾರ್ಲೆನೆ ನುಡಿಸೋದು ಬಿಟ್ಟು ಎರಡು ವರ್ಷ ಆಯ್ತು. ಚೆಲ್ಲೊ ಬೀರುವಿನ ಹಿಂದೆ ಬಿದ್ದಿದೆ.”

“ಗೊತ್ತು, ನನ್ನಿಂದಲೇ. ಮತ್ತೆ ನುಡಿಸಮ್ಮ ಅಂತ ಯಾವ ಮುಖ ಇಟ್ಕೊಂಡು ಕೇಳಲಿ?”

ಟ್ರಾಮು ನಿಂತಿತು. ಆಕೆ ಎದ್ದು ಪೆಟ್ಟಿಗೆಯ ಒಂದು ತುದಿ ಹಿಡಿದಳು.

“ಇದೇ ಮುಖ ಇಟ್ಕೊಂಡು ಬನ್ನಿ. ಈ ಸಲ ಚಾವಣಿ ಬೇಡ, ಬಾಗಿಲು ತಟ್ಟಿ.”

ಇಬ್ಬರೂ ಪೆಟ್ಟಿಗೆ ಹಿಡಿದು ಇಳಿದರು. ಮುದುಕ ಆಗಲೂ ತಲೆ ಎತ್ತಿರಲಿಲ್ಲ.