ಸ್ವೀಟ್‌ಗಮ್‌ನ ಕೊನೆಯ ಹಾಡು

ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಅಲಬಾಮಾದ ಆ ಸಣ್ಣ ಊರಿನ ಕ್ಷೌರದಂಗಡಿಯಲ್ಲಿ ಸಿಕ್ಕಿಕೊಂಡ ಐದಾರು ಮಂದಿ ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ರೇಡಿಯೋದಲ್ಲಿ ಕಪ್ಪುಜನರ 'ಸೋಲ್' ಸಂಗೀತದ ಯಾವುದೋ ಹಳೆಯ ಹಾಡು ಶುರುವಾಯಿತು. ಒಂದು ಕಾಲದಲ್ಲಿ ಇದೇ ಊರಿನ ಸ್ವೀಟ್‌ಗಮ್ ರೆಕಾರ್ಡ್ ಕಂಪನಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಮುದುಕ ಎಲ್ಮೋರ್, "ಅದನ್ನ ನಿಲ್ಲಿಸಪ್ಪ" ಅಂದ. ಆಮೇಲೆ ತಾನಾಗೇ ಹೇಳತೊಡಗಿದ.

"ಎಪ್ಪತ್ತನಾಲ್ಕನೇ ಇಸವಿ ಕಣ್ರಪ್ಪ... ಕಂಪನಿ ಆಗಲೇ ಕೊನೆಯುಸಿರು ಎಳೀತಿತ್ತು. ನಮ್ಮ ಹಾಡು ಊರೂರಿಗೆ ಹಂಚ್ತಿದ್ದ ಉತ್ತರದ ದೊಡ್ಡ ಕಂಪನಿ ಕೈಬಿಟ್ಟಿತ್ತು, ರೇಡಿಯೋದವರು ಕುಣಿಯೋ ಹಾಡು ಕೊಡಿ ಅಂತಿದ್ರು, ತುತ್ತೂರಿ ಊದೋರು ಒಬ್ಬೊಬ್ಬರಾಗಿ ಮೆಂಫಿಸ್ ದಾರಿ ಹಿಡಿದಿದ್ರು. ಉಳಿದೋರು ಯಜಮಾನ ಹಾಲಿಸ್, ಟೇಪ್ ನೋಡ್ಕೊಳ್ಳೋ ಡ್ಯೂಯಿ, ನಾನು, ಆಮೇಲೆ ಅಕ್ಕತಂಗೀರು, ಓಜೆಲ್ಲಾ ಮತ್ತು ರೂಬಿನೆಲ್. ಇಬ್ರೂ ಬೇರೆಯವರ ಹಿಂದೆ ನಿಂತು ದನಿಗೂಡಿಸೋರು.

ಕೊನೇ ಪ್ರಯತ್ನ ಅಂತ ಯಜಮಾನ್ರು ಒಂದು ಹಾಡು ತಂದ್ರು. ಒಬ್ಬಳೇ ಹಾಡೋದು. ರೂಬಿನೆಲ್ ವರ್ಷಗಟ್ಟಲೆ ಕಾದಿದ್ದು ಅದಕ್ಕೇ. ಸಿಕ್ಕಿದ್ದು ಅಕ್ಕನಿಗೆ. 'ನಂಗೆ ಬಿಟ್ಕೊಡೇ ಅಕ್ಕಾ' ಅಂದ್ಲು. ಓಜೆಲ್ಲಾ ಏನಂದ್ಲು ಗೊತ್ತಾ? 'ಹಿಂದೆ ನಿಲ್ಲೋಕೇ ಹುಟ್ಟಿದ ಗಂಟಲು ಕಣೇ ನಿಂದು.' ರೂಬಿನೆಲ್ ಕಾರು ತಗೊಂಡು ಇಂಥದ್ದೇ ಮಳೇಲಿ ಹೊರಟುಹೋದ್ಲು. ತೊರೆಯ ಸೇತುವೆ ಮೇಲೆ ನೀರು ಹರೀತಿತ್ತು... ಕಾರು ಸಿಕ್ಕಿದ್ದು ಮೂರನೇ ದಿನ, ಅವಳು ಒಳಗೇ ಇದ್ಲು.

ಆರು ವಾರ ಬಿಟ್ಟು ಓಜೆಲ್ಲಾ ಹಾಡೋಕೆ ಬಂದ್ಲು. ಹಗಲು ಹನ್ನೊಂದು ಗಂಟೆ. ಒಂದೇ ಮೈಕು, ಹೊಸ ಟೇಪು. ಹಾಡಿ ಮುಗಿಸಿದ್ಮೇಲೆ ಡ್ಯೂಯಿ ಕೇಳಿಸಿದ. ಎರಡು ದನಿ. ಇನ್ನೊಂದು ದೂರದಲ್ಲಿ, ಬಾವಿಯೊಳಗಿಂದ ಬಂದ ಹಾಗೆ... ಯಾರೂ ಹೆಸರೆತ್ತಲಿಲ್ಲ. ಟೇಪ್ ಕೆಟ್ಟಿರ್ಬೇಕು ಅಂತ ಬದಲಾಯಿಸಿದ. ಎರಡನೇ ಸಲ ಆ ದನಿ ಓಜೆಲ್ಲಾ ಪಕ್ಕಕ್ಕೇ ಬಂದು ನಿಂತಿತ್ತು. ಮೂರನೇ ಸಲ ತಂಗಿ ಮುಂದೆ, ಅಕ್ಕ ಹಿಂದೆ. ಓಜೆಲ್ಲಾ ಕತ್ತು ಹಿಡ್ಕೊಂಡು, 'ಗಂಟಲು ತಣ್ಣಗಾಗ್ತಿದೆ ಎಲ್ಮೋರಣ್ಣ' ಅಂದ್ಲು. ದನಿಯೇ ಇಲ್ಲ, ಬರೀ ಗಾಳಿ ಬಂದಂಗಿತ್ತು.

ಡ್ಯೂಯಿ ಮಷೀನು ನಿಲ್ಲಿಸಿದ. 'ಸಾಕು ತಾಯಿ, ಮನೆಗೆ ಹೋಗು.' ಅಂಥ ದನಿಗಾಗಿ ಹದಿನಾಲ್ಕು ವರ್ಷ ಅಲೆದಿದ್ದ ಯಜಮಾನ್ರೂ 'ಇನ್ನೊಂದ್ಸಲ' ಅನ್ನಲಿಲ್ಲ, ತಲೆ ತಗ್ಗಿಸಿ ಕೂತ್ರು. ಓಜೆಲ್ಲಾನೇ ಮೈಕು ಬಿಟ್ಟು ಕದಲಲಿಲ್ಲ. 'ಹಾಕು ಡ್ಯೂಯಿ. ಅವಳಿಂದ ಕಿತ್ಕೊಂಡಿದ್ದು ನಾನು. ಅವಳೇ ಹಾಡ್ಲಿ.'

ಓಜೆಲ್ಲಾ ಹಾಡಿದ್ಲು... ತುಟಿ ಆಡ್ತಿತ್ತು, ಕೋಣೇಲಿ ಸದ್ದೇ ಇಲ್ಲ. ಟೇಪಿನಲ್ಲಿ ಮಾತ್ರ ರೂಬಿನೆಲ್, ಒಬ್ಬಳೇ. ಅಂಥ ಹಾಡು ನಾನು ಮತ್ತೆ ಕೇಳಿಲ್ಲ. ರೆಕಾರ್ಡಿನ ಮೇಲೆ ಯಜಮಾನ್ರು ರೂಬಿನೆಲ್ ಹೆಸರೇ ಹಾಕಿಸಿದ್ರು. ರೇಡಿಯೋದವರು ಎರಡು ವಾರ ಹಾಕಿದ್ರು, ಮರೆತ್ರು. ಮುಂದಿನ ವರ್ಷ ಕಂಪನಿಗೆ ಬೀಗ ಬಿತ್ತು. ಓಜೆಲ್ಲಾ ಬಾಯಿಂದ ಮಾತ್ರ ಆವತ್ತಿಂದ ಒಂದಕ್ಷರ ಹೊರಟಿಲ್ಲ. ಡಾಕ್ಟ್ರು ನೋಡಿ, ಗಂಟಲಿಗೆ ಏನೂ ಆಗಿಲ್ಲ ಅಂದ್ರು."

ಹೊರಗೆ ಮಳೆ ಸುರಿಯುತ್ತಲೇ ಇತ್ತು.

"ಓಜೆಲ್ಲಾ ಈಗ ಎಲ್ಲಿದಾಳೆ ಅಜ್ಜ?" ಕೇಳುತ್ತಿದ್ದವರಲ್ಲೊಬ್ಬ ಕೇಳಿದ.

"ಗಿರಣಿ ರಸ್ತೇಲಿ, ಒಬ್ಬಳೇ ಇದಾಳೆ. ಹೋದ ಭಾನುವಾರ ಚರ್ಚಿಗೆ ಬರಲಿಲ್ಲವಲ್ಲ ಅಂತ ಫೋನ್ ಮಾಡ್ದೆ. ಮಾತಾಡೋಳಲ್ಲ ಅನ್ನೋದೇ ಮರೆತುಹೋಗಿತ್ತು ನೋಡಿ... ಆದ್ರೆ ಆ ಕಡೆಯಿಂದ ಎತ್ತಿದ್ರು. 'ಅಕ್ಕ ಮಲಗಿದಾಳೆ ಎಲ್ಮೋರಣ್ಣ' ಅಂತು ಒಂದು ದನಿ. 'ಏನು ಹೇಳ್ಬೇಕಿತ್ತು... ನನ್ನ ಹತ್ರಾನೇ ಹೇಳು.'"